ಬೀದಿಯ ಬಲ್ಬಿಗೆಲ್ಲ ಕಾಮಾಲೆ

ಮಟಮಟ ಮಧ್ಯಾಹ್ನ ಮನೆಯ ಅಷ್ಟೂ ದೀಪ ಉರಿಸಿಕೊಂಡು ಕೂತವನನ್ನು ನೋಡಿದರೆ ಜನ ಎರಡೇ ಮಾತು ಹೇಳುತ್ತಾರೆ. ಒಂದೋ ದುಡ್ಡು ಹೆಚ್ಚಾಗಿದೆ, ಇಲ್ಲವೇ ತಲೆ ಕೆಟ್ಟಿದೆ. ದುರ್ಬೀನಪ್ಪನಿಗೆ ದುಡ್ಡು ಹೆಚ್ಚಾಗುವ ಸಂಭವವೇ ಇಲ್ಲವೆಂದು ಬೀದಿಗೆಲ್ಲ ಗೊತ್ತಿತ್ತು. ಆದ್ದರಿಂದ ಎರಡನೆಯದೇ ಸರಿ ಎಂದು ಒಮ್ಮತದಿಂದ ತೀರ್ಮಾನಿಸಿ ಬೀದಿ ನೆಮ್ಮದಿಯಾಗಿತ್ತು. ನಿಜವಾದ ಕಾರಣ ಎರಡೂ ಅಲ್ಲ. ಅವನ ಹೆಂಡತಿ ಮುನಿಸಿಕೊಂಡು ಅಣ್ಣನ ಮನೆಗೆ ಹೋಗಿದ್ದಳು.

ಹೆಂಡತಿ ಹೋದರೆ ದೀಪ ಯಾಕೆ ಉರಿಯಬೇಕು ಎಂದು ಕೇಳುತ್ತೀರಿ. ಹೇಳುತ್ತೇನೆ. ದುರ್ಬೀನಪ್ಪ ದೀಪ ಹಾಕುವ ಪೈಕಿ, ಅವಳು ದೀಪ ಆರಿಸುವ ಪೈಕಿ. ಅವನು ನಡುಮನೆಯಿಂದ ಅಡುಗೆಮನೆಗೆ ಹೋದರೆ ಬೆನ್ನ ಹಿಂದೆ ಟಕ್ ಎಂದು ಸ್ವಿಚ್ಚಿನ ಸದ್ದಾಗುತ್ತಿತ್ತು. ಅಡುಗೆಮನೆಯಿಂದ ಬಚ್ಚಲಿಗೆ ಹೋದರೆ ಇನ್ನೊಂದು ಟಕ್. ಅದರ ಬೆನ್ನಿಗೇ ಅವಳ ಮಾತು: "ಹಾಕೋದು ಮಾತ್ರ ಕಲಿಸಿ ಕಳ್ಸಿದಾರೆ, ಆರ್ಸೋದು ಕಲಿಸ್ಲೇ ಇಲ್ಲ." ಮದುವೆಯಾದಾಗಿನಿಂದ ಈ ಸಂಗೀತ ನಡೆದುಕೊಂಡೇ ಬಂದಿತ್ತು. ಅವನು ಅದನ್ನು ಕಿವಿಗೆ ಹಾಕಿಕೊಂಡವನೇ ಅಲ್ಲ. ಅವಳು ಹೋದ ಮಾರನೆಯ ದಿನ ಬಚ್ಚಲಿಂದ ಹೊರಬಂದವನು ಹಿಂದೆ ಟಕ್ ಕೇಳಿಸದೆ ಅಲ್ಲೇ ನಿಂತುಬಿಟ್ಟ. ತಿರುಗಿ ನೋಡಿದ. ದೀಪ ಉರಿಯುತ್ತಲೇ ಇತ್ತು. ಆರಿಸಲು ಕೈ ಎತ್ತಿದ, ಮನಸ್ಸು ಬರಲಿಲ್ಲ. ತಾನೇ ಆರಿಸಿಬಿಟ್ಟರೆ ಅವಳು ಬಂದು ಮಾಡಲು ಕೆಲಸವೇ ಉಳಿಯುವುದಿಲ್ಲ ಅನ್ನಿಸಿತು. ಅಂದಿನಿಂದ ಆ ಮನೆಯ ದೀಪಗಳು ಹಗಲೂ ರಾತ್ರಿ ಅವಳ ದಾರಿ ಕಾಯುತ್ತಿದ್ದವು.

ದುರ್ಬೀನಪ್ಪ ಎಂಬುದು ಬೀದಿ ಇಟ್ಟ ಹೆಸರು. ನಿಜವಾದ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಅವನು ಅಟೆಂಡರು. ಅಲ್ಲಿ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವಿದೆ. ನಡುವೆ ಗಾಜಿನ ತ್ರಿಕೋನ, ಒಂದು ಪಕ್ಕ ಬೆಳಕು ಒಳಗೆ ನುಗ್ಗುವ ಕೊಳವೆ, ಇನ್ನೊಂದು ಪಕ್ಕ ಕಣ್ಣಿಟ್ಟು ನೋಡುವ ಕೊಳವೆ. ಸೇರಿದ ದಿನದಿಂದ ಅದರ ಧೂಳು ಒರೆಸಿದ್ದಾನೆ, ಒಂದು ದಿನವೂ ಒಳಗೆ ಇಣುಕಿದವನಲ್ಲ. ಆದರೆ ಬೀದಿಯಲ್ಲಿ ನಿಂತಾಗ ಮಾತ್ರ, "ನಮ್ಮ ದುರ್ಬೀನಲ್ಲಿ ಬೆಳಕಿನ ಹುಟ್ಟು ಗುಟ್ಟೆಲ್ಲ ಕಾಣುತ್ತೆ" ಎಂದು ಗಂಭೀರವಾಗಿ ಹೇಳುತ್ತಿದ್ದ. ಹೆಂಡತಿ ಆಗಾಗ ಕೇಳುತ್ತಿದ್ದಳು: "ಅದರೊಳಗೆ ಏನ್ರೀ ಕಾಣೋದು?" ಅವನು "ನಿಂಗೆ ಹೇಳಿದ್ರೆ ಅರ್ಥ ಆಗಲ್ಲ ಬಿಡು" ಎನ್ನುತ್ತಿದ್ದ. ಅರ್ಥವಾಗದೆ ಇದ್ದದ್ದು ಯಾರಿಗೆ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಮುನಿಸಿಗೆ ಕಾರಣವೂ ದೀಪವೇ. ಅವಳ ಅಣ್ಣನದು ಬಲ್ಬಿನ ಅಂಗಡಿ. ನಡುಮನೆಯ ಹಳೇ ಬಲ್ಬು ಸುಟ್ಟುಹೋದಾಗ ಅಣ್ಣ ಅಭಿಮಾನದಿಂದ ತಂಗಿಗೆ ಹೊಸ ನಮೂನೆಯ ಬಿಳಿ ಬಲ್ಬು ಕೊಟ್ಟ. ಹಾಕಿದರೆ ಮನೆ ಆಸ್ಪತ್ರೆಯ ವಾರ್ಡಿನ ಹಾಗೆ ಬೆಳಗಿತು. ಅವತ್ತು ಸಂಜೆ ಒಂದು ಮದುವೆ ಊಟಕ್ಕೆ ಹೊರಡುವುದಿತ್ತು. ಅವಳು ಹೊಸ ಕೆಂಪು ಬಟ್ಟೆ ತೊಟ್ಟು, ಆ ಬಲ್ಬಿನ ಕೆಳಗೇ ಬಂದು ನಿಂತು, "ರೀ, ಹೇಗೆ ಕಾಣ್ತೀನಿ?" ಎಂದಳು. ಇಂಥ ಪ್ರಶ್ನೆಗೆ ಬುದ್ಧಿವಂತ ಗಂಡಂದಿರು ಕೊಡುವ ಉತ್ತರ ಒಂದೇ, ಅದನ್ನು ತಲೆ ಎತ್ತದೆಯೂ ಕೊಡಬಹುದು. ದುರ್ಬೀನಪ್ಪ ತಲೆ ಎತ್ತಿ ಬಲ್ಬು ನೋಡಿದ, ತಗ್ಗಿಸಿ ಅವಳನ್ನು ನೋಡಿದ, "ಬಾಡಿದ ಸೌತೆಕಾಯಿ ಥರ" ಎಂದ.

ಅವನು ಹೇಳಿದ್ದು ಬೆಳಕಿನ ವಿಷಯ. ಅವಳು ಕೇಳಿಸಿಕೊಂಡದ್ದು ಮುಖದ ವಿಷಯ. ಅವಳೇನೂ ಕೂಗಾಡಲಿಲ್ಲ. "ಇಷ್ಟು ವರ್ಷ ಸೌತೆಕಾಯಿ ಜೊತೆ ಸಂಸಾರ ಮಾಡಿದ್ರಲ್ಲ, ಪಾಪ" ಎಂದು ನಡುಮನೆಯ ದೀಪ ಆರಿಸಿದಳು. ಗಂಡನ ಮೇಲಿನ ಸಿಟ್ಟಿಗೆ ಮದುವೆ ಊಟ ಯಾಕೆ ಬಿಡಬೇಕು ಎಂಬ ವಿವೇಕ ಅವಳಿಗಿತ್ತು. ಊಟ ಮುಗಿಸಿಕೊಂಡು, ಅಲ್ಲಿಂದ ನೆಟ್ಟಗೆ ಅಣ್ಣನ ಮನೆಗೆ ಹೋದಳು.

'ತಪ್ಪಾಯ್ತು' ಎಂಬ ಒಂದು ಮಾತಿನಲ್ಲಿ ಮುಗಿಯುವ ವ್ಯವಹಾರ ಇದು. ಆದರೆ ಆ ಮಾತು ದುರ್ಬೀನಪ್ಪನ ಗಂಟಲವರೆಗೆ ಬಂದು ಅಲ್ಲೇ ಠಿಕಾಣಿ ಹೂಡುವಂಥದ್ದು. ಅದರ ಬದಲು ಅವನು ದಿನಾ ಸಂಜೆ ಭಾವನ ಅಂಗಡಿಗೆ ಹೋಗಿ ಏನಾದರೂ ಕೊಂಡು ತರತೊಡಗಿದ. ಅಂಗಡಿಯ ಮಹಡಿಯ ಮೇಲೇ ಭಾವನ ಮನೆ. ಅವನು ಕೆಳಗೆ ನಿಂತಿರುವಾಗ ಮೇಲಿನ ಕಿಟಕಿಗಳ ದೀಪ ಒಂದೊಂದಾಗಿ ಆರುತ್ತಿದ್ದವು. ಟಕ್, ಟಕ್. ಆ ಸದ್ದು ಅವಳದೇ ಎಂದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. ನಮ್ಮ ಮನೆಯ ದೀಪ ಬಿಟ್ಟು ಕಂಡವರ ಮನೆಯ ದೀಪ ಆರಿಸುತ್ತಿದ್ದಾಳಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಒಂದು ಸಂಜೆ ಭಾವನೇ ಕೇಳಿದ. "ಇವತ್ತೇನು ಬೇಕಿತ್ತು?"

"ಒಂದು ಪ್ಲಗ್ಗು."

"ನಿನ್ನೆ ತಾನೇ ತಗೊಂಡ್ರಲ್ಲ."

"ಅದಕ್ಕೊಂದು ಜೊತೆ ಇರ್ಲಿ ಅಂತ."

"ಜೊತೆ ಬೇಕಾಗಿರೋದು ಪ್ಲಗ್ಗಿಗಲ್ಲ ಅಂತ ನಂಗೂ ಗೊತ್ತು. ಅವಳು ಹೇಳಿದಾಳೆ, ಕೇಳ್ಕೊಳಿ. ಮುಖ ಸರಿಯಿಲ್ಲ ಅಂದೋರ ಮನೆಗೆ ಅದೇ ಮುಖ ಹೊತ್ಕೊಂಡು ಹೇಗೆ ಬರ್ಲಿ ಅಂತ."

"ನಾನು ಮುಖಕ್ಕೆ ಅಂದಿದ್ದಲ್ಲ ಭಾವ. ಬಲ್ಬಿಗೆ ಅಂದಿದ್ದು."

"ಯಾವ ಬಲ್ಬಿಗೆ?"

"ನೀವು ಕೊಟ್ಟಿದ್ದಕ್ಕೆ."

ಬಾಣಲೆಯಿಂದ ಬೆಂಕಿಗೆ ಬೀಳುವುದು ಅಂದರೆ ಇದೇ. ಭಾವ ಕೈಯಲ್ಲಿದ್ದ ಪ್ಲಗ್ಗನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದ. "ನೋಡಿ, ತಂಗೀನ ಅಂದ್ರಿ, ಸಂಸಾರದ ವಿಷಯ ಅಂತ ಸುಮ್ಮನಿದ್ದೆ. ಬಲ್ಬಿನ ಸುದ್ದಿಗೆ ಬರ್ಬೇಡಿ."

"ಸಾಬೀತು ಮಾಡ್ತೀನಿ ಭಾವ. ನಮ್ಮ ಲ್ಯಾಬಲ್ಲಿ ಯಂತ್ರ ಇದೆ. ಬಲ್ಬಿನದೇ ತಪ್ಪು ಅಂತ ತೋರ್ಸಿಕೊಟ್ರೆ ಅವಳು ಬರ್ತಾಳೋ ಇಲ್ವೋ, ಅಷ್ಟು ಹೇಳಿ."

ಉತ್ತರ ಮೇಲಿನ ಕಿಟಕಿಯಿಂದ ಬಂತು. "ಮೊದ್ಲು ತೋರ್ಸಕ್ಕೆ ಹೇಳಣ್ಣ." ಹಿಂದೆಯೇ ಟಕ್ ಎಂದು ಆ ದೀಪವೂ ಆರಿತು. ಎಷ್ಟೋ ದಿನದ ಮೇಲೆ ಅವಳ ದನಿ ಕೇಳಿದ ಸಂತೋಷದಲ್ಲಿ ದುರ್ಬೀನಪ್ಪ ಪ್ಲಗ್ಗು ಮರೆತು ಮನೆಗೆ ಬಂದ.

ಇನ್ನು ಲ್ಯಾಬಿನ ವಿಚಾರ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಕಿಟಕಿಗಳಿಗೆ ಕಪ್ಪು ಪರದೆ ಎಳೆದು, ಮೇಜಿನ ಮೇಲೆ ಮರದ ಡಬ್ಬಿಯೊಳಗಿರುವ ಸೋಡಿಯಂ ದೀಪ ಹಾಕುವುದು ದುರ್ಬೀನಪ್ಪನ ಮೊದಲ ಕೆಲಸ. ಅರಿಶಿನ ಕಲಸಿಟ್ಟ ಹಾಗೆ ಹಳದಿ ಬೆಳಕು ಕೊಡುವ ದೀಪ ಅದು. ಸ್ವಲ್ಪ ಬಿಂಕದ್ದು. ಒಮ್ಮೆ ಆರಿಸಿದರೆ ಮತ್ತೆ ಕಾದು ಬೆಳಗುವಷ್ಟರಲ್ಲಿ ಹುಡುಗರ ಪ್ರಯೋಗದ ಅವಧಿಯೇ ಮುಗಿಯುತ್ತದೆ. ಆದ್ದರಿಂದ ಬೆಳಿಗ್ಗೆ ಹಾಕಿದ್ದನ್ನು ಸಂಜೆಯವರೆಗೆ ಯಾರೂ ಮುಟ್ಟಕೂಡದೆಂಬುದು ಲ್ಯಾಬಿನ ಕಾನೂನು, ಆ ಕಾನೂನಿನ ಕಾವಲುಗಾರ ದುರ್ಬೀನಪ್ಪ. ಪ್ರಪಂಚದಲ್ಲಿ ಅವನ ಮಾತು ನಡೆಯುತ್ತಿದ್ದದ್ದು ಅದೊಂದು ಸ್ವಿಚ್ಚಿನ ಮೇಲೆ. ವರ್ಷಗಟ್ಟಲೆ ಕಣ್ಣೆದುರೇ ಉರಿದು ಉರಿದು ಅದು ಅವನ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

ಪಾಠ ಮಾಡುವ ಮೇಡಂ ಒಳ್ಳೆಯವರು. "ಮೇಡಂ, ಬಲ್ಬಲ್ಲಿ ಐಬಿದ್ರೆ ಇದರಲ್ಲಿ ಕಾಣುತ್ತಾ?" ಎಂದು ಕೇಳಿದ್ದಕ್ಕೆ ಅವರು ನಗಲಿಲ್ಲ.

"ಐಬು ಅಂತಲ್ಲ. ಆ ಬೆಳಕಲ್ಲಿ ಯಾವ ಬಣ್ಣ ಇದೆ, ಯಾವುದು ಕಮ್ಮಿ ಇದೆ ಎಲ್ಲ ಕಾಣುತ್ತೆ. ಒಂದೊಂದು ದೀಪಕ್ಕೂ ಅದರದೇ ಗುರುತಿರುತ್ತೆ. ಬಲ್ಬನ್ನ ಈ ಸೀಳಿನ ಮುಂದಿಡಿ, ಇಲ್ಲಿ ಕಣ್ಣಿಟ್ಟು ನೋಡಿ. ಆದ್ರೆ ಒಂದು ಜ್ಞಾಪಕ ಇಟ್ಕೊಳಿ, ಬೇರೆ..."

ಅಷ್ಟರಲ್ಲಿ ಗಂಟೆ ಹೊಡೆಯಿತು. ಮೇಡಂಗೆ ಬೇರೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಅರ್ಧ ವಾಕ್ಯವನ್ನು ಮೇಜಿನ ಮೇಲೆ ಬಿಟ್ಟು ಅವರು ಹೊರಟುಹೋದರು. ದುರ್ಬೀನಪ್ಪನಿಗೆ ಅಷ್ಟೇ ಸಾಕಾಗಿತ್ತು.

ನಡುಮನೆಯ ಬಲ್ಬನ್ನು ಬಿಚ್ಚಿ ತಂದಿದ್ದ. ಸೀಳಿನ ಮುಂದಿಟ್ಟು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕೊಳವೆಗಿಟ್ಟ. ಮೊದಲು ಏನೂ ಕಾಣಲಿಲ್ಲ, ಯಾಕೆಂದರೆ ನೋಡುವ ಕಣ್ಣನ್ನೂ ಮುಚ್ಚಿದ್ದ. ತೆರೆದ ಮೇಲೆ ಕಂಡಿತು. ಕತ್ತಲೆಯ ನಡುವೆ ಬಣ್ಣದ ಪಟ್ಟಿ, ಕೆಂಪು, ಹಸಿರು, ನೀಲಿ, ಒಂದರ ಮೈಗೆ ಇನ್ನೊಂದು ಒರಗಿಕೊಂಡ ಹಾಗೆ. ಇಷ್ಟು ಚಂದದ್ದನ್ನು ಇಷ್ಟು ವರ್ಷ ಹೊರಗಿನಿಂದ ಒರೆಸುತ್ತಲೇ ಬಂದೆನಲ್ಲ ಎಂದು ಅವನಿಗೆ ಸಂಕಟವಾಯಿತು. ಅದಕ್ಕಿಂತ ಹೆಚ್ಚಾಗಿ, ಇದನ್ನು ಅವಳಿಗೆ ತೋರಿಸಬೇಕು ಅನ್ನಿಸಿತು. ಪಕ್ಕಕ್ಕೆ ತಿರುಗಿ "ಬಾ ಇಲ್ಲಿ" ಅಂದೇಬಿಟ್ಟ. ಪಕ್ಕದಲ್ಲಿ ಒರೆಸುವ ಬಟ್ಟೆ ಬಿಟ್ಟರೆ ಯಾರೂ ಇರಲಿಲ್ಲ.

ಮತ್ತೆ ನೋಡಿದಾಗ ಸಿಕ್ಕಿಬಿದ್ದಿತು. ಬಣ್ಣದ ಪಟ್ಟಿಯ ನಟ್ಟನಡುವೆ ಒಂದು ಹಳದಿ ಗೆರೆ, ಚಾಕುವಿನ ಅಲಗಿನ ಹಾಗೆ ಚೂಪಾಗಿ ನಿಂತಿತ್ತು. ಬಿಳಿ ಬಲ್ಬಿನೊಳಗೆ ಹಳದಿಗೇನು ಕೆಲಸ? ಇದೇ ಕಳ್ಳ ಎಂದು ಅವನು ನಿಶ್ಚಯಿಸಿದ. ಇನ್ನು ಹಳದಿ ಗೆರೆಯಿಲ್ಲದ ಒಂದು ಒಳ್ಳೇ ಬಲ್ಬು ಪಕ್ಕದಲ್ಲಿಟ್ಟು ತೋರಿಸಿದರೆ ಮುಗಿಯಿತು, ಸಂಜೆಗೆ ಹೆಂಡತಿ ಮನೆಯಲ್ಲಿರುತ್ತಾಳೆ.

ಒಳ್ಳೇ ಬಲ್ಬು ಹುಡುಕಿಕೊಂಡು ಬೀದಿಗಿಳಿದ. ಎದುರುಮನೆಯ ಟೈಲರು ಹೊಲಿಗೆ ಮೆಷಿನಿನ ಮೇಲಿನ ಬಲ್ಬು ಕೊಟ್ಟ. ಲ್ಯಾಬಿಗೆ ತಂದು ನೋಡಿದರೆ ಅದರಲ್ಲೂ ಹಳದಿ ಗೆರೆ. ತರಕಾರಿ ಅಂಗಡಿಯಾಕೆ ಟೊಮೆಟೊ ರಾಶಿಯ ಮೇಲೆ ನೇತುಹಾಕುವ ಕೆಂಪು ಬಲ್ಬು ಕೊಟ್ಟಳು. ಅದರಲ್ಲೂ ಹಳದಿ ಗೆರೆ. ಲ್ಯಾಬಿನ ಬೀರುವಿನಲ್ಲಿದ್ದ ಹಳೇ ಬಲ್ಬು, ಕಾಲೇಜಿನ ಗೇಟು ಕಾಯುವವನ ಟಾರ್ಚು, ಕೊನೆಗೆ ಒಂದು ಮೇಣದಬತ್ತಿ, ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಗೆರೆ ಅವನನ್ನೇ ಕಾಯುತ್ತಾ ನಿಂತಿತ್ತು. ಮರದ ಡಬ್ಬಿಯೊಳಗಿನ ಸೋಡಿಯಂ ದೀಪ ಮೊಳದ ದೂರದಲ್ಲಿ, ಅದೇ ಸೀಳಿನ ಕಡೆ ಮುಖ ಮಾಡಿಕೊಂಡು, ಕಾನೂನಿನ ಪ್ರಕಾರ ಉರಿಯುತ್ತಿತ್ತು. ದುರ್ಬೀನಪ್ಪನ ಕಣ್ಣಿಗೆ ಅದು ಬೀಳಲಿಲ್ಲ.

ಸೋತ ಮುಖ ಹೊತ್ತು ಬಲ್ಬು ವಾಪಸು ಕೊಡಲು ಹೋದಾಗ ಟೈಲರು ಕೇಳಿದ, "ಏನಂತೆ ನಮ್ಮ ಬಲ್ಬು?"

"ಏನು ಹೇಳ್ಲಿ. ನಿಮ್ಮದರಲ್ಲೂ ಹಳದಿ ಇದೆ" ಎಂದು ದುರ್ಬೀನಪ್ಪ ನಿಟ್ಟುಸಿರುಬಿಟ್ಟ. ನಿಟ್ಟುಸಿರು ಬಿಟ್ಟದ್ದು ಹೆಂಡತಿಯನ್ನು ನೆನೆದು. ಆದರೆ ಕೇಳಿದವನು ಡಾಕ್ಟರು ಎಕ್ಸ್-ರೇ ನೋಡಿ ಬಿಟ್ಟ ನಿಟ್ಟುಸಿರಿನ ಲೆಕ್ಕಕ್ಕೆ ತೆಗೆದುಕೊಂಡ.

ಟೈಲರು ಅರ್ಧ ತಮಾಷೆಗೆ, ಅರ್ಧ ಹೆದರಿ ಗಿರಾಕಿಯೊಬ್ಬರಿಗೆ, "ಬೀದಿಯ ಬಲ್ಬಿಗೆಲ್ಲ ಕಾಮಾಲೆಯಂತೆ" ಎಂದ. ಗಿರಾಕಿ ಅದನ್ನು ತರಕಾರಿ ಅಂಗಡಿಗೆ ಕೊಂಡೊಯ್ದರು. ತರಕಾರಿಯಾಕೆ ಸೊಪ್ಪಿನ ಜೊತೆಗೆ ಮನೆಮನೆಗೂ ಹಂಚಿದಳು, ಹಂಚುವಾಗ ಒಂದಿಷ್ಟು ಕೊಸರೂ ಹಾಕಿದಳು: "ಬಲ್ಬಿಂದ ಕಾಮಾಲೆ ಬರುತ್ತಂತೆ. ಕಾಲೇಜಿನ ಯಂತ್ರದಲ್ಲೇ ಕಂಡಿದೆಯಂತೆ." ಸಂಜೆಯ ಹೊತ್ತಿಗೆ ಬೀದಿಯ ಹೆಂಗಸರು ಮಕ್ಕಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಬಲ್ಬಿನ ಬೆಳಕಿನಲ್ಲಿ ನೋಡಿದರೆ ಹಳದಿಯಾಗಿ ಕಂಡಿತು, ಬಲ್ಬು ಆರಿಸಿ ನೋಡಿದರೆ ಏನೂ ಕಾಣಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕೇ? ಎಲ್ಲರೂ ಬಲ್ಬು ಬಿಚ್ಚಿ ಬಾಗಿಲ ಹೊರಗಿಟ್ಟರು.

ಬೀದಿಯೆಲ್ಲ ಕತ್ತಲೆಯಾಯಿತು. ಟೈಲರು ಒಂದು ಪ್ಯಾಂಟಿಗೆ ಮೂರು ಕಾಲು ಹೊಲಿದ. ತರಕಾರಿಯಾಕೆ ಆಲೂಗಡ್ಡೆಯೆಂದು ತೂಕದ ಕಲ್ಲನ್ನೇ ಚೀಲಕ್ಕೆ ಹಾಕಿದಳು. ದುರ್ಬೀನಪ್ಪನ ಮನೆಯೊಂದು ಮಾತ್ರ, ನಡುಮನೆ ಬಿಟ್ಟು, ಬಚ್ಚಲವರೆಗೆ ಜಗಜಗ ಉರಿಯುತ್ತಿತ್ತು. ಅವನು ಹೆಂಡತಿಗಾಗಿ ಉರಿಸಿಟ್ಟದ್ದು ಯಾರಿಗೆ ಗೊತ್ತು? ಒಳ್ಳೇ ಬಲ್ಬುಗಳನ್ನೆಲ್ಲ ತನಗಿಟ್ಟುಕೊಂಡು ರೋಗದ್ದನ್ನು ನಮಗೆ ಹಂಚಿದ್ದಾನೆ ಎಂದು ಜನ ಕತ್ತಲೆಯಲ್ಲಿ ನಿಂತು ಆ ಮನೆಯನ್ನು ದುರುಗುಟ್ಟಿ ನೋಡಿದರು.

ಬೆಳಗಾದರೆ ಭಾವನ ಅಂಗಡಿಯ ಮುಂದೆ ಬಲ್ಬು ವಾಪಸು ಮಾಡುವವರ ಸಾಲು. ಭಾವ, "ನನ್ನ ಬಲ್ಬಿಗೆ ಯಾವ ರೋಗಾನೂ ಇಲ್ಲ, ಗಟ್ಟಿಮುಟ್ಟಾಗಿದೆ" ಎಂದು ಒಂದನ್ನು ಎತ್ತಿ ತೋರಿಸಲು ಹೋಗಿ ಕೈಜಾರಿ ಬೀಳಿಸಿದ. ಜನ "ನೋಡಿದ್ರಾ, ನಿತ್ರಾಣ" ಎಂದರು. ಆಗ ಕಾಮಾಲೆಯ ಸುದ್ದಿ ಕೇಳಿ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಸಾಲಿನಲ್ಲಿದ್ದವರ ರೆಪ್ಪೆಗಳನ್ನು ಎಳೆದು ನೋಡಿ, ಅಭ್ಯಾಸಬಲದಿಂದ ಒಂದೆರಡು ಬಲ್ಬುಗಳನ್ನೂ ತಿರುಗಿಸಿ ನೋಡಿ, ತೀರ್ಪು ಕೊಟ್ಟರು.

"ಬಲ್ಬಿಂದ ಹರಡೋ ಕಾಮಾಲೆ ಅಂತ ನಮ್ಮ ಇಲಾಖೆಯಲ್ಲಿ ಇಲ್ಲ. ಇಲಾಖೆಯಲ್ಲಿ ಇಲ್ಲದ ರೋಗ ಬರೋ ಹಾಗಿಲ್ಲ."

"ಬಂದ್ಬಿಟ್ಟಿದ್ರೆ?" ಎಂದಳು ತರಕಾರಿಯಾಕೆ.

"ಬಂದಿದ್ರೆ ಅದು ಅನುಮತಿ ಇಲ್ಲದೆ ಬಂದಿದೆ. ಎಲ್ಲಿ ಆ ಯಂತ್ರ? ನಡೀರಿ."

ಭಾವ ಮಹಡಿಯ ಕಡೆ ಮುಖ ಮಾಡಿ ಕೂಗಿದ. "ನಿನ್ನ ಗಂಡ ನನ್ನ ಅಂಗಡಿಗೆ ಬೀಗ ಹಾಕಿಸ್ತಿದಾನೆ. ಬಂದು ನೀನೇ ನೋಡ್ಕೊ." ಅವಳು ಇಳಿದು ಬಂದಳು. ಹೊರಡುವ ಮುಂಚೆ ಅಂಗಡಿಯಲ್ಲಿ ಹಗಲಿನಲ್ಲೇ ಉರಿಯುತ್ತಿದ್ದ ದೀಪ ಆರಿಸಿದಳು.

ದುರ್ಬೀನಪ್ಪ ಕಪ್ಪು ಪರದೆಯ ಕತ್ತಲೆಯಲ್ಲಿ ಒಬ್ಬನೇ ಕೂತು, ಇನ್ನು ಯಾವ ದೀಪ ತಂದು ನೋಡಲಿ ಎಂದು ಚಿಂತಿಸುತ್ತಿದ್ದಾಗ ಲ್ಯಾಬಿನ ಬಾಗಿಲು ತೆರೆಯಿತು. ಇನ್ಸ್‌ಪೆಕ್ಟರು, ಭಾವ, ಟೈಲರು, ತರಕಾರಿಯಾಕೆ ಒಳಗೆ ಬಂದರು. ಅವರ ಹಿಂದೆ ಪರೀಕ್ಷೆಯ ಕೆಲಸ ಮುಗಿಸಿ ಆಗತಾನೇ ಬಂದಿದ್ದ ಮೇಡಂ. ಎಲ್ಲರ ಹಿಂದೆ ಬಾಗಿಲಲ್ಲಿ ಅವಳು, ಅದೇ ಕೆಂಪು ಬಟ್ಟೆಯಲ್ಲಿ. ಮದುವೆ ಮನೆಯಿಂದ ನೇರ ಹೋದವಳಿಗೆ ಒಗೆದು ಒಗೆದು ತೊಡಲು ಅದೊಂದೇ ಇತ್ತು, ಉಳಿದದ್ದು ಅತ್ತಿಗೆಯ ಎರವಲು. ಸೋಡಿಯಂ ದೀಪದ ಹಳದಿಯಲ್ಲಿ ಅದರ ಕೆಂಪೆಲ್ಲ ಇಂಗಿಹೋಗಿ ಮಣ್ಣಿನ ಬಣ್ಣವಾಗಿತ್ತು. ಆ ಬೆಳಕಿನಲ್ಲಿ ಯಾರ ಮುಖವೂ ಮುಖದಂತಿರಲಿಲ್ಲ, ಇನ್ಸ್‌ಪೆಕ್ಟರು ಹೂತು ತೆಗೆದವರ ಹಾಗಿದ್ದರು. ದುರ್ಬೀನಪ್ಪ ಅವಳನ್ನು ನೋಡಿದ. ಅವಳು ಸ್ವಲ್ಪ ಇಳಿದುಹೋಗಿದ್ದಳು.

"ತೋರ್ಸಿ" ಎಂದರು ಇನ್ಸ್‌ಪೆಕ್ಟರು.

ದುರ್ಬೀನಪ್ಪ ಭಾವನ ಬಲ್ಬನ್ನು ಸೀಳಿನ ಮುಂದಿಟ್ಟ. ಒಬ್ಬೊಬ್ಬರಾಗಿ ನೋಡಿದರು. ಹಳದಿ ಗೆರೆ ಎಲ್ಲರಿಗೂ ಕಂಡಿತು. ಟೈಲರು ತನ್ನ ರೆಪ್ಪೆ ತಾನೇ ಎಳೆದುಕೊಂಡ. ಭಾವ ತನ್ನ ಸರದಿಯಲ್ಲಿ ಕಣ್ಣುಜ್ಜಿಕೊಂಡು ಎರಡೆರಡು ಸಲ ನೋಡಿದ. ತನ್ನ ಬಲ್ಬು ತನಗೇ ಹೀಗೆ ಮಾಡುತ್ತದೆಂದು ಅವನು ಎಣಿಸಿರಲಿಲ್ಲ.

"ಈಗ ನೀನು ನೋಡು" ಎಂದ ದುರ್ಬೀನಪ್ಪ, ಹೆಂಡತಿಗೆ. ಅವಳು ಮನೆ ಬಿಟ್ಟ ಮೇಲೆ ಅವನು ಅವಳೊಡನೆ ಆಡಿದ ಮೊದಲ ಮಾತು ಅದು.

ಅವಳು ಮುಂದೆ ಬಂದಳು, ಆದರೆ ಕೊಳವೆಯ ಕಡೆ ಹೋಗಲಿಲ್ಲ. ಮೇಜಿನ ಮೇಲಿನ ಮರದ ಡಬ್ಬಿಯನ್ನು ನೋಡಿದಳು. "ಇದನ್ನ ಯಾರು ನೋಡ್ತಿದಾರೆ?"

"ಯಾರೂ ಇಲ್ಲ."

"ಮತ್ಯಾಕೆ ಉರೀತಿದೆ?"

"ಅದು ಹಾಗೇ ಉರೀಬೇಕು, ಅದನ್ನ ಮುಟ್..."

ಟಕ್.

ಲ್ಯಾಬಿನ ಚರಿತ್ರೆಯಲ್ಲಿ ಹಾಡಹಗಲು ಆ ಸ್ವಿಚ್ಚು ಆರಿದ್ದು ಅದೇ ಮೊದಲು. ದುರ್ಬೀನಪ್ಪನಿಗೆ ಕಾನೂನು ಮುರಿಯಿತೆಂಬ ಗಾಬರಿಯಾಗಬೇಕಿತ್ತು. ಆದರೆ ಆ ಸದ್ದು ಕಿವಿಗೆ ಬಿದ್ದೊಡನೆ ಮೈಯೆಲ್ಲ ಹಗುರಾಗಿ ಅವನು ಹಾಗೇ ಸ್ಟೂಲಿನ ಮೇಲೆ ಕೂತುಬಿಟ್ಟ.

"ಹಾಕೋದು ಮಾತ್ರ ಕಲಿಸಿ ಕಳ್ಸಿದಾರೆ" ಎಂದು ಗೊಣಗಿ ಅವಳು ಕೊಳವೆಗೆ ಕಣ್ಣಿಟ್ಟಳು. ಆಮೇಲೆ ಮೆಲ್ಲಗೆ, "ಅಯ್ಯೋ, ಎಷ್ಟು ಚೆನ್ನಾಗಿದೆ" ಎಂದಳು.

"ಹಳದಿ ಗೆರೆ ಕಾಣ್ತಾ?" ಎಂದರು ಇನ್ಸ್‌ಪೆಕ್ಟರು.

"ಇಲ್ವಲ್ಲ. ಯಾವ ಗೆರೇನೂ ಇಲ್ಲ."

ಇನ್ಸ್‌ಪೆಕ್ಟರು ನೋಡಿದರು, ಇಲ್ಲ. ಭಾವ ನೋಡಿದ, ಇಲ್ಲ. ಟೈಲರು ತಾನು ಕಾಮಾಲೆಯಿಂದ ಗುಣವಾದೆನೆಂದು ಘೋಷಿಸಿದ. ಮೇಡಂ ಹಣೆ ಚಚ್ಚಿಕೊಂಡರು. "ಬೇರೆ ದೀಪ ಆರ್ಸಿ ನೋಡಿ ಅಂತ ಹೇಳೋ ಅಷ್ಟರಲ್ಲಿ ಗಂಟೆ ಹೊಡೀತು. ಆ ಗೆರೆ ಬಲ್ಬಿಂದಲ್ಲ. ಈ ಸೋಡಿಯಂ ದೀಪದ್ದು. ಇದು ಉರೀತಿದ್ರೆ ಯಾವ ಬಲ್ಬಿಟ್ಟರೂ ಅದೇ ಗೆರೆ ಕಾಣುತ್ತೆ."

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ" ಎಂದಳು ತರಕಾರಿಯಾಕೆ, ಆ ಸುದ್ದಿಗೂ ತನಗೂ ಸಂಬಂಧವೇ ಇಲ್ಲವೆಂಬ ಹಾಗೆ.

ಭಾವ ಎದೆಯುಬ್ಬಿಸಿದ. "ಅಂದ್ರೆ ನನ್ನ ಬಲ್ಬಲ್ಲಿ ತಪ್ಪಿಲ್ಲ."

"ತಪ್ಪು ಅಂತಲ್ಲ" ಎಂದು ಮೇಡಂ ಮತ್ತೊಮ್ಮೆ ಕಣ್ಣಿಟ್ಟು ನೋಡಿದರು. "ನೀಲಿ ಜೋರಾಗಿದೆ, ಕೆಂಪು ಕಮ್ಮಿ. ಇದರ ಕೆಳಗೆ ಯಾರು ನಿಂತ್ರೂ ಮುಖ ಸ್ವಲ್ಪ ಬಿಳಿಚಿಕೊಂಡೇ ಕಾಣುತ್ತೆ."

ದುರ್ಬೀನಪ್ಪ ಸ್ಟೂಲಿನಿಂದ ಎದ್ದು ನಿಂತ. ದಾರಿಯೆಲ್ಲ ತಪ್ಪಿದರೂ ಊರು ಸಿಕ್ಕಿಬಿಟ್ಟಿತ್ತು. "ಕೇಳಿಸ್ಕೊಂಡೆಯಾ? ನಾನು ಹೇಳಿದ್ದು ಅದೇ. ದೀಪದ್ದೇ ತಪ್ಪು."

"ಕೇಳಿಸ್ಕೊಂಡೆ" ಎಂದಳು ಅವಳು. "ದೀಪದ್ದೇ ತಪ್ಪು. ನೀವು ಗೆದ್ರಿ. ನಾನಿನ್ನು ಬರ್ತೀನಿ." ಹೀಗೆಂದು ಬಾಗಿಲ ಕಡೆ ತಿರುಗಿದಳು.

"ಎಲ್ಲಿಗೆ?"

"ಅಣ್ಣನ ಮನೆಗೆ."

"ಸಾಬೀತು ಮಾಡಿದ್ರೆ ಬರ್ತೀನಿ ಅಂದಿದ್ದೆ."

"ತೋರ್ಸಿ ಅಂದಿದ್ದೆ. ತೋರ್ಸಿದ್ರಿ." ಅವಳು ಬಾಗಿಲ ಹತ್ತಿರ ನಿಂತಳು. ಕೋಪದ ದನಿಯಲ್ಲ, ದಣಿದ ದನಿ. "ಹೇಗೆ ಕಾಣ್ತೀನಿ ಅಂತ ಕೇಳಿದ್ದೆ ನಾನು. ಬಲ್ಬು ಹೇಗಿದೆ ಅಂತ ಕೇಳ್ಲಿಲ್ಲ. ಅವತ್ತೂ ಬಲ್ಬು ನೋಡಿದ್ರಿ, ಇವತ್ತಿನವರೆಗೂ ಬಲ್ಬೇ ನೋಡ್ತಿದೀರಿ."

ಇನ್ಸ್‌ಪೆಕ್ಟರು ಇದು ತಮ್ಮ ಇಲಾಖೆಗೆ ಸೇರಿದ್ದಲ್ಲವೆಂದು ತಿಳಿದು, ಪರದೆಯ ಹೊಲಿಗೆ ಪರೀಕ್ಷಿಸತೊಡಗಿದರು. ಗಂಟಲಲ್ಲಿ ಠಿಕಾಣಿ ಹೂಡಿದ್ದ ಮಾತು ಅಲುಗಿತು, ಆದರೆ ಹೊರಬರುವಾಗ ಬೇರೆಯೇ ಆಗಿ ಬಂತು.

"ಮನೇಲಿ ದೀಪ ಆರ್ಸೋರಿಲ್ಲ ಕಣೇ" ಎಂದ ದುರ್ಬೀನಪ್ಪ. "ನೀನು ಹೋದಾಗಿಂದ ಒಂದೂ ಆರ್ಸಿಲ್ಲ. ನಾನು ಆರ್ಸಿದ್ರೆ ನೀನು ಇಲ್ಲ ಅಂತ ಖಾತ್ರಿ ಆಗುತ್ತೆ ಅಂತ ಹಾಗೇ ಬಿಟ್ಟಿದೀನಿ. ಭಾವನ ಅಂಗಡಿಗೆ ದಿನಾ ಬರ್ತಿದ್ದದ್ದು ಪ್ಲಗ್ಗಿಗಲ್ಲ. ಮೇಲೆ ನೀನು ಸ್ವಿಚ್ಚು ಆರ್ಸೋದು ಕೇಳಕ್ಕೆ. ಈ ಹಳದಿ ದೀಪದಲ್ಲಿ ಎಂಥೋರ ಮುಖಾನೂ ಕೆಡುತ್ತೆ, ಇನ್ಸ್‌ಪೆಕ್ಟರ್ ಸಾಹೇಬರನ್ನೇ ನೋಡಿದೆಯಲ್ಲ. ನೀನು ಬಾಗಿಲಲ್ಲಿ ಬಂದು ನಿಂತಾಗ ನಂಗೆ ಚೆನ್ನಾಗೇ ಕಂಡೆ. ಕಣ್ಣು ತುಂಬ್ಕೊಂಡ್ತು. ತಪ್ಪಾಯ್ತು. ಮನೆಗೆ ಬಾ."

ಅವಳು ಬಾಗಿಲಿಂದ ಅವನ ಕಡೆ ತಿರುಗಿದಳು. "ಇಷ್ಟು ಹೇಳಕ್ಕೆ ಇಡೀ ಬೀದಿ ಕತ್ತಲೆ ಮಾಡ್ಬೇಕಿತ್ತಾ?" ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, "ಅತ್ತಿಗೆ ಬಟ್ಟೆ ಒಗೆದು ಹಗ್ಗದ ಮೇಲೆ ಹಾಕಿದೀನಿ, ತೆಗೆದಿಡಕ್ಕೆ ಹೇಳು" ಎಂದಳು. ಅಷ್ಟಕ್ಕೆ ಅರ್ಥವಾಯಿತು. ತರಕಾರಿಯಾಕೆ ಕತ್ತಲೆಯಲ್ಲಿ ಸೆರಗು ಹುಡುಕಿ, ಸಿಗದೆ, ಟೈಲರು ಸಾಕ್ಷಿಗೆಂದು ತಂದಿದ್ದ ಮೂರು ಕಾಲಿನ ಪ್ಯಾಂಟಿನಿಂದ ಕಣ್ಣೊರೆಸಿಕೊಂಡಳು.

ಗಂಡ ಹೆಂಡತಿ ಬೀದಿಯಲ್ಲಿ ನಡೆದು ಬಂದರು. ಮನೆಯ ಬಾಗಿಲು ತೆರೆದಾಗ ನಡುಮಧ್ಯಾಹ್ನದಲ್ಲಿ ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲ ದೀಪ ಉರಿಯುತ್ತಿದ್ದವು. ಅವಳು ಚಪ್ಪಲಿ ಬಿಡುತ್ತಲೇ ಶುರುಮಾಡಿದಳು. ಅಡುಗೆಮನೆಯದು ಟಕ್. "ಹಗಲಲ್ಲಿ ಯಾವ ದೆವ್ವಕ್ಕೆ ಇದು?" ಕೋಣೆಯದು ಟಕ್. "ಮನುಷ್ಯರು ಇರೋ ಮನೇನಾ ಇದು?" ಬಚ್ಚಲಿನದು ಟಕ್. "ಹಾಕೋದು ಮಾತ್ರ ಕಲಿಸಿ ಕಳ್ಸಿದಾರೆ." ದುರ್ಬೀನಪ್ಪ ಅವಳ ಹಿಂದೆ ಹಿಂದೆಯೇ ನಡೆದು, ಅವಳು ಆರಿಸಿ ಹೋದ ಒಂದೊಂದು ಕೋಣೆಯಲ್ಲೂ ಸ್ವಲ್ಪ ಹೊತ್ತು ಸುಮ್ಮನೆ ನಿಂತ.

ಎಲ್ಲ ಆರಿದವು. ಮನೆ ನಿಶ್ಶಬ್ದವಾಯಿತು. ಅವಳು ಅಡುಗೆಮನೆಯಲ್ಲಿ ಪಾತ್ರೆಗಳನ್ನು ನೋಡಿ ನಿಟ್ಟುಸಿರುಬಿಡುತ್ತಿದ್ದಳು. ದುರ್ಬೀನಪ್ಪ ಒಂದು ಗಳಿಗೆ ಕಿವಿಗೊಟ್ಟು ಕೇಳಿದ. ಆಮೇಲೆ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬಚ್ಚಲ ದೀಪ ಹಾಕಿ, ಬಂದು ಏನೂ ಅರಿಯದವನ ಹಾಗೆ ನಡುಮನೆಯಲ್ಲಿ ಕೂತ.

"ರೀ" ಎಂಬ ದನಿ ಅಡುಗೆಮನೆಯಿಂದ ಬಂತು. "ಬಚ್ಚಲ ದೀಪ ಯಾರು ಹಾಕಿದ್ದು?"

ಅವಳು ಆರಿಸಲು ಬರುತ್ತಿದ್ದಳು.